ಮಾವನ ಪಡಸಾಲೆಯಲ್ಲಿ ಕಂಪ್ಯೂಟರ್ ಜಾಲ

ಎಂಬತ್ತರ ದಶಕದ ಕೊನೆ. ಕಂಪ್ಯೂಟರ್ ತರಬೇತಿ ಮುಗಿಸಿ ಹುಮನಾಬಾದಿನ ನಮ್ಮ ಬ್ಯಾಂಕಿಗೆ ಮರಳಿದಾಗ, ಇಡೀ ತಾಲೂಕಿನಲ್ಲಿ ನನ್ನಷ್ಟು ತಿಳಿದವನಿಲ್ಲ ಎಂದು ನಂಬಿದ್ದೆ. ಪರೀಕ್ಷಿಸುವವರೂ ಇರಲಿಲ್ಲ!

ಬಸವಕಲ್ಯಾಣದ ಮಾವನವರು ಇನ್ನೂ ಬಲವಾಗಿ ನಂಬಿದ್ದರು. "ನಮ್ಮ ಅಳಿಯಂದಿರು ಮಷೀನಿಗಿ ಮಷೀನ್ ಮಾತಾಡಸ್ತಾರ" ಎಂದು ಸಾರಿ, ಒಂದು ಭಾನುವಾರ ನನ್ನ ಭಾಷಣಕ್ಕೆ ನೆಂಟರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿದರು. ಕಂಪ್ಯೂಟರುಗಳನ್ನು ಜೋಡಿಸುವ ಜಾಲಗಳಲ್ಲಿ ಮೂರು ಬಗೆ, ಹೋಲಿಸಿ ತೋರಿಸುತ್ತೇನೆ ಎಂದು ಘೋಷಿಸಿ, ಅವರ ಕಿರಾಣಿ ಅಂಗಡಿಯ ಸುತಳಿ ಉಂಡೆ ತರಿಸಿದೆ.

"ಸುಮ್ನ ಬಾಯಿಲೇ ಹೇಳ್ರಿ" ಎಂದಳು ಹೆಂಡತಿ ಶಾಂತಾ. ಅವಳ ಮಾತು ಕೇಳಬೇಕಿತ್ತು.

ಮೊದಲು ನಕ್ಷತ್ರ ಜಾಲ. ನಡುವೆ ಮಾವ. ಸುತ್ತಲಿದ್ದ ಎಲ್ಲರ ಕೈಗೂ ಸುತಳಿ ಕಟ್ಟಿ, ಇನ್ನೊಂದು ತುದಿ ಮಾವನ ಮುಂಗೈಗೆ ಕಟ್ಟಿದೆ. ಅಷ್ಟರಲ್ಲಿ ಅಂಗಡಿಗೆ ಗಿರಾಕಿಯೊಬ್ಬ ಬಂದ. ಮಾವ ಎದ್ದರು. ಸುತಳಿ ಸಮೇತ ಎದ್ದರು! ಚಹಾದ ಕಪ್ಪುಗಳೆಲ್ಲ ಉರುಳಿದವು.

"ನೋಡಿ, ನಡುವಿನದು ಕೆಟ್ಟರೆ ಎಲ್ಲವೂ ಕೆಟ್ಟಂತೆ" ಎಂದೆ.

ಅತ್ತೆಯ ಮುಖ ಕೆಂಪಾಯಿತು. "ಅವರೇನು ಕೆಟ್ಟಿಲ್ಲ. ಅಂಗಡಿಗಿ ಹೋಗ್ಯಾರ!"

ಎರಡನೆಯದು ಉಂಗುರ ಜಾಲ. ಸುತ್ತ ಕೂತವರು ಪಕ್ಕದವರ ಕಿವಿಗೆ ಸುದ್ದಿ ದಾಟಿಸಬೇಕು. ಸುದ್ದಿ ಮಾವನ ಅಣ್ಣ ದೊಡ್ಡಕಾಕಾರ ತನಕ ಬಂದು ನಿಂತಿತು. ಪಕ್ಕದಲ್ಲಿ ಅವರ ಬೀಗರು.

"ದಾಟಸ್ರಿ ಕಾಕಾ" ಎಂದೆ.

"ನನ್ನ ಮಗನ ಮದುವ್ಯಾಗ ಊಟ ಬಿಟ್ಟು ಎದ್ದು ಹೋಗ್ಯಾರ ಇವರು. ನಾ ಮಾತಾಡಂಗಿಲ್ಲ!"

"ಯಾಕ ಎದ್ದೆ ಅಂತ ಅವರಿಗೇ ಕೇಳ್ರಿ!" ಎಂದು ಬೀಗರು ಗುಡುಗಿದರು.

ಜಗಳ ತಣ್ಣಗಾಗಲೆಂದು ಅವಸರವಾಗಿ ಮೂರನೆಯದಕ್ಕೆ ಬಂದೆ. ಬಸ್ ಜಾಲ. ಉದ್ದಕ್ಕೆ ಒಂದೇ ಸುತಳಿ, ಎಲ್ಲರೂ ಅದನ್ನೇ ಹಿಡಿಯಬೇಕು. "ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿಯಾಗುತ್ತದೆ" ಎಂದು ಎಚ್ಚರಿಸಿದೆ. ಯಾರನ್ನು ಎಚ್ಚರಿಸಿದೆನೋ! ಎಲ್ಲರೂ ಒಟ್ಟಿಗೇ ಕೂಗಾಡುತ್ತಿದ್ದರು. ಕಾಕಾ ಈ ತುದಿ ಜಗ್ಗಿದರು, ಬೀಗರು ಆ ತುದಿ ಜಗ್ಗಿದರು. ನಡುವೆ ಸಿಕ್ಕಿಕೊಂಡವನು ನಾನು.

ಆಗಷ್ಟೇ ಬಾಗಿಲಿಗೆ ಬಂದ ನೆರೆಮನೆಯ ಖಾದರ್ ಸಾಹೇಬರು ವಿನಯದಿಂದ ಕೇಳಿದರು: "ಈ ಬಸ್ ದುಬಲಗುಂಡಿಗಿ ಹೋಗ್ತದೇನ್ರಿ?"

ಶಾಂತಾ ಕತ್ತರಿ ತಂದು ನನ್ನನ್ನು ಬಿಡಿಸಿದಳು.

ಹುಮನಾಬಾದಿಗೆ ಮರಳುವಾಗ ಶಾಂತಾ ಕೇಳಿದಳು: "ಆ ಮೂರರಾಗ ನಿಮ್ಮ ಬ್ಯಾಂಕಿನಾಗ ಯಾವುದದ?"

"ಯಾವುದೂ ಇಲ್ಲ."

"ಕಂಪ್ಯೂಟರ್ ಎಷ್ಟವ?"

"ಇನ್ನೂ ಬಂದಿಲ್ಲ. ಅದರ ಮ್ಯಾಲ ಹೊದಸೋ ಬಟ್ಟಿ ಬಂದದ."

"ಅದನ್ನ ಮನಿಗಿ ತರ್ರಿ. ಮುಂದಿನ ಸಲ ತವರಿಗಿ ಹೋಗುವಾಗ ನಿಮ್ಮ ಮುಖಕ್ಕ ಹೊದಸ್ತೀನಿ."

ಬೇಡವೆನ್ನುವ ಧೈರ್ಯ ನನಗೆಲ್ಲಿಯದು!