ಹಕ್ಕಿಗೊಂದು ಪಹಣಿ

ಆಸ್ಪತ್ರೆಯ ಕಿಟಕಿಯಲ್ಲಿ ಅವತ್ತು ಮಡಿವಾಳ ಹಕ್ಕಿ ಹಾಡಿತೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಹಾಡಿತು ಅಂತ ನನ್ನ ನೆನಪು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ ಅಂತ ನನ್ನ ಹೆಂಡತಿ! ಪುರಾವೆಯಿಲ್ಲದೆ ಯಾರ ಮಾತನ್ನೂ ನಂಬಬಾರದು ಅನ್ನುವುದೊಂದನ್ನು ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಕಲಿತು ಬಂದವನು ನಾನು. ಈಗ ನನ್ನ ಮಾತನ್ನೇ ನಂಬುವ ಹಾಗಿಲ್ಲ. ಆದರೂ ಒಂದು ವಿಷಯ ಧೈರ್ಯವಾಗಿ ಹೇಳಬಲ್ಲೆ. ಹಕ್ಕಿಗಳು ಯಾಕೆ ಹಾಡುತ್ತವೆ ಅನ್ನೋದು ಇಡೀ ಮಂಡ್ಯ ಜಿಲ್ಲೆಯಲ್ಲಿ ಗೊತ್ತಿರುವುದು ನಮ್ಮ ಚಿಕ್ಕಪ್ಪ ಒಬ್ಬರಿಗೇ. ಹಾಗಂತ ಹೇಳಿದವರೂ ನಮ್ಮ ಚಿಕ್ಕಪ್ಪನೇ!

ಮಳವಳ್ಳಿ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪನ ಗದ್ದೆಗೂ ಅವರ ಅಣ್ಣನಾದ ನಮ್ಮಪ್ಪನ ಗದ್ದೆಗೂ ನಡುವೆ ಒಂದು ಬದು. ಬದುವಿನ ತಲೆಗೆ ಸರ್ವೆಯವರು ನೆಟ್ಟ ಬಾಂದು ಕಲ್ಲು. ಆ ಕಲ್ಲು ತಮ್ಮ ಜಮೀನಿನೊಳಕ್ಕೆ ಒಂದಡಿ ಬಂದಿದೆ ಅಂತ ಚಿಕ್ಕಪ್ಪ. ಇಲ್ಲ, ತಮ್ಮ ಜಮೀನಿಗೇ ಬಂದಿದೆ ಅಂತ ಅಪ್ಪ. ಒಂದೇ ಕಲ್ಲು ಎರಡು ಕಡೆಗೂ ಹೇಗೆ ಬಂತು ಸ್ವಾಮಿ? ಕೇಳಿದರೆ ಇಬ್ಬರೂ ಒಟ್ಟಾಗಿ ನನ್ನ ಮೇಲೆ ಬೀಳುತ್ತಾರೆ! ಒಬ್ಬರ ಮನೆ ಹಬ್ಬಕ್ಕೆ ಇನ್ನೊಬ್ಬರು ಹೋಗಿ ಎಷ್ಟೋ ವರ್ಷವಾಯಿತು. ಇಬ್ಬರ ನಡುವೆ ಉಳಿದಿದ್ದ ಮಾತುಕತೆ ಎಂದರೆ ಬೆಳಗಿನ ಜಗಳ ಒಂದೇ. ಹಕ್ಕಿಗಳು ಏಳುವ ಹೊತ್ತಿಗೆ ಇಬ್ಬರೂ ಬದುವಿನ ಆಚೆಗೊಬ್ಬರು, ಈಚೆಗೊಬ್ಬರು.

"ಏನ್ಲಾ, ರಾತ್ರಿ ನನ್ ಪಾಳಿ ನೀರ ಕದ್ದು ಬುಟ್ಕೊಂಡ್ಯಾ?"

"ಕದಿಯೋದ ಕಲ್ಸಿದ್ ಗುರುನೇ ನೀನಲ್ವಾ ಅಣ್ಣೋ!"

ಇಂಥ ಎರಡು ಸುತ್ತು ಆದಮೇಲೆ ಇಬ್ಬರೂ ಹಗುರಾಗಿ ತಿಂಡಿಗೆ ಹೊರಡುತ್ತಿದ್ದರು.

ಅದಕ್ಕೇ ಇರಬೇಕು, ಹಕ್ಕಿಯ ಹಾಡೆಲ್ಲ ಚಿಕ್ಕಪ್ಪನ ಕಿವಿಗೆ ಬದುವಿನ ತಕರಾರಾಗಿಯೇ ಬೀಳುತ್ತಿದ್ದುದು. "ಹಾಡೂ ಇಲ್ಲ ಗೀಡೂ ಇಲ್ಲ ಕಣ್ಲಾ. ಇದು ನನ್ ಜಾಗ, ನೀ ಆಚ್ಗೋಗು ಅಂತಾವೆ ಅಷ್ಟೇಯ." ಅವರ ಲೆಕ್ಕದಲ್ಲಿ ಮಡಿವಾಳ ಹಕ್ಕಿ ಪಹಣಿ ಚೊಕ್ಕವಾಗಿರುವ ಜಮೀನುದಾರ, ಅದಕ್ಕೇ ಕಂಬದ ತುದಿಗೇರಿ ಕೂಗುತ್ತದೆ. ಕುಟ್ರ ಹಕ್ಕಿ ಒಂದೇ ಅರ್ಜಿ ಹಿಡಿದು ಕಚೇರಿ ಸುತ್ತುವವನು, ಅದಕ್ಕೇ ಹೇಳಿದ್ದನ್ನೇ ಹೇಳುತ್ತದೆ. ಹಾಗಾದರೆ ಕೋಗಿಲೆ? "ಕಾಗೆ ಗೂಡಲ್ಲಿ ಮೊಟ್ಟೆ ಇಕ್ಕಿ ಬಂದೈತೆ ಅದು. ಒತ್ತುವರಿ ಕೇಸು! ಅಷ್ಟು ಇಂಪಾಗಿ ಮಾತಾಡೋರ್ನ ನಂಬ್ಬ್ಯಾಡ ಮಗ."

ನನಗೆ ಸುಮ್ಮನಿರಲಾದೀತೆ? "ಬರೀ ಜಾಗಕ್ಕಲ್ಲ ಚಿಕ್ಕಪ್ಪ, ಹೆಣ್ಣು ಹಕ್ಕೀನ ಕರೆಯೋಕೂ ಹಾಡುತ್ತವೆ. ಪುಸ್ತಕದಲ್ಲಿದೆ" ಎಂದೆ.

"ನಮ್ಮಲ್ಲಿ ಹೆಣ್ ಕೊಡೋರೂ ಮೊದ್ಲು ಜಮೀನು ಎಷ್ಟೈತೆ ಅಂತ ಕೇಳಾಕಿಲ್ವೇನ್ಲಾ?"

ಪುಸ್ತಕ ಮುಚ್ಚಿದೆ.

ಈ ಸಿದ್ಧಾಂತ ಹಕ್ಕಿಗಳಿಗಷ್ಟೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮದ್ದೂರಿನಲ್ಲಿ ನೆಂಟರ ಮದುವೆ. ಆರತಕ್ಷತೆಗೆ ಆರ್ಕೆಸ್ಟ್ರಾ. ಗಾಯಕ ಕಣ್ಣು ಮುಚ್ಚಿ, ಕೈ ಚಾಚಿ, ಮಂಟಪದ ದೀಪಗಳು ನಡುಗುವಂತೆ ದನಿ ಎಳೆಯುತ್ತಿದ್ದ. ಎಲ್ಲರೂ ತಲೆದೂಗುತ್ತಿರುವಾಗ ಚಿಕ್ಕಪ್ಪ ಪಕ್ಕದವರನ್ನು ತಿವಿದು, "ಯಾವ್ ಸರ್ವೆ ನಂಬ್ರು ಕೇಳ್ತಾವ್ನೆ ಇವ್ನು?" ಎಂದರು. ಪಕ್ಕದಲ್ಲಿ ಕೂತಿದ್ದವರು ಗಾಯಕನ ಮಾವ!

ಕೊನೆಗೊಂದು ದಿನ ಪ್ರಯೋಗ ಮಾಡಿಯೇ ಬಿಡೋಣ ಅಂತ ಫೋನಿನಲ್ಲಿ ಮಡಿವಾಳ ಹಕ್ಕಿಯ ಹಾಡು ತುಂಬಿಕೊಂಡು ಹೋದೆ. ಬಾಂದು ಕಲ್ಲಿನ ಮೇಲೆ ಫೋನಿಟ್ಟು, "ನೋಡಿ, ಏನೂ ಆಗೋದಿಲ್ಲ" ಎಂದು ಹಾಡು ಹಾಕಿದೆ. ಕರೆಂಟು ಕಂಬದ ಮೇಲಿದ್ದ ಹಕ್ಕಿ ಬಾಲ ನಿಗುರಿಸಿ ಸೀದಾ ಬಂದು ನನ್ನ ಫೋನಿಗೆ ಎರಗಿತು. ಒಂದಲ್ಲ, ಎರಡು ಸಲ! ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ ಫೋನಿಗೆ ಪಹಣಿ ಇಲ್ಲ ಅಂತ ಗೊತ್ತಾಗೋಯ್ತು ಕಣ್ಲಾ ಅದಕ್ಕೆ!"

"ಹಂಗಾದ್ರೆ ಪಕ್ಕದ ಹಕ್ಕಿ ದಿನಾ ಕೂಗುತ್ತಲ್ಲ, ಅದರ ಮೇಲೆ ಯಾಕೆ ಹೀಗೆ ಬೀಳೋಲ್ಲ?"

"ಅದು ದಿನದ್ ದನಿ. ಅದ್ ಕೂಗ್ದೆ ಇದ್ರೇನೆ ಇದಕ್ಕೆ ಗಾಬ್ರಿ" ಎಂದುಬಿಟ್ಟು ಅವರು ಹುಲ್ಲು ಕೊಯ್ಯಲು ಹೋದರು.

ಇದಾದ ಮೇಲೆಯೇ ಅಪ್ಪನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡದ್ದು. ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲವಂತೆ, ಆದರೆ ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗಿತ್ತಂತೆ. "ದನಿ ಉಳಿದಿದೆಯಾ ಅಂತ ಅವರು ಮಾತಾಡಿದರೆ ತಾನೇ ಗೊತ್ತಾಗೋದು? ಮಾತಾಡಿಸಿ" ಎಂದರು ಡಾಕ್ಟರು. ಅಪ್ಪ ಬಾಯಿ ಬಿಡಲಿಲ್ಲ. ಅಮ್ಮ ಗೋಗರೆದಳು, ನಾನು ವೈಜ್ಞಾನಿಕವಾಗಿ ವಿವರಿಸಿದೆ, ನನ್ನ ಹೆಂಡತಿ ಗದರಿಸಿದಳು. ಅಪ್ಪ ಎಲ್ಲದಕ್ಕೂ ಕೈಸನ್ನೆ. ಅವರಿಗೆ ನೋವಿರಲಿಲ್ಲ, ಭಯವಿತ್ತು. ಬಾಯಿ ತೆರೆದು ದನಿ ಬಾರದೆ ಹೋದರೆ? ತೆರೆಯದೆ ಇರುವತನಕ ದನಿ ಇದೆ ಅಂತ ನಂಬಿಕೊಂಡಾದರೂ ಇರಬಹುದಲ್ಲ! ಪ್ರಶ್ನೆ ಕೇಳುವುದೇ ಕಸುಬಾಗಿದ್ದ ನನಗೂ ಆ ಪ್ರಶ್ನೆಯ ಉತ್ತರ ಬೇಡವಾಗಿತ್ತು. ಕಾರಿಡಾರಿನಲ್ಲಿ ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ ಚಿಕ್ಕಪ್ಪ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ಒಳಗೆ ಕಾಲಿಡಲಿಲ್ಲ. ಹೊಸ್ತಿಲೇ ಬದು ಅನ್ನುವ ಹಾಗೆ ಅದರ ಆಚೆ ನಿಂತರು.

"ಅಣ್ಣೋ, ಬಾಂದ್ ಕಲ್ಲ ಕಿತ್ತು ನಿನ್ ಗದ್ದೆ ಒಳೀಕೆ ಮೂರಡಿ ತಳ್ಳಿ ನೆಟ್ಟಿವ್ನಿ. ಕೇಳೋರ್ ಯಾರವ್ರೆ? ನೀನೆಂಗೂ ಬಾಯಿ ಬುಡಾಕಿಲ್ವಲ್ಲ!"

ಅಮ್ಮ ಬೆಚ್ಚಿದಳು. ಆಸ್ಪತ್ರೆಗೆ ಬಂದು ಆಡುವ ಮಾತೇ ಇದು? ಅಪ್ಪನ ಮುಖ ಕೆಂಪಾಯಿತು. ದಿಂಬಿನಿಂದ ತಲೆ ಎದ್ದಿತು. ಬಾಯಿ ತೆರೆಯಿತು. ಆಮೇಲೆ ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದಂತೆ ಒಂದು ದನಿ ಬಂತು.

"ಲೇ... ಕಲ್ ಮುಟ್ಟುದ್ರೆ ಕೈ ಮುರ್ದಾಕ್ತೀನಿ ಕಣ್ಲಾ!"

ನರ್ಸಮ್ಮ ಓಡಿ ಬಂದು, "ಮಾತಾಡಿ ಅಂದ್ರೆ ಕಿರುಚ್ತೀರಲ್ಲ ಯಜಮಾನ್ರೇ!" ಎಂದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಟ್ಟಿಗೇ ಅತ್ತಳು, ನಕ್ಕಳು. ಚಿಕ್ಕಪ್ಪ ಬಾಳೆಹಣ್ಣನ್ನು ಹೊಸ್ತಿಲ ಮೇಲಿಟ್ಟು ಟವಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡೇ ಇದ್ದರು. "ದನಿ ಐತೆ ಕಣತ್ತಿಗೆ. ಬತ್ತೀನಿ" ಎಂದು ಬಸ್ಸಿಗೆ ಹೊರಟೇಬಿಟ್ಟರು. ನನ್ನ ಎದೆಯ ಮೇಲಿಂದ ಕಬ್ಬಿನ ಲೋಡು ಇಳಿಸಿದ ಹಾಗಾಯಿತು. ಹಕ್ಕಿ ಹಾಡಿದ್ದು ಆಗಲೇ ಅಂತ ನನ್ನ ನೆನಪು.

ಅಪ್ಪನ ಮೊದಲ ಮಾತು ಬೈಗುಳವಲ್ಲ, ತಮ್ಮನ ಹೆಸರು ಅನ್ನುತ್ತಾಳೆ ಅಮ್ಮ. ಇರಬಹುದು. ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ಚಿಕ್ಕಪ್ಪ ಬೆಳಗಾದರೆ ಬದುವಿಗೆ ಹೋಗಿ ನಿಲ್ಲುತ್ತಿದ್ದರಂತೆ. "ಜಗಳಕ್ಕೆ ಜನ ಇಲ್ದೆ ಅಂಗೇ ವಾಪಸ್ ಬಂದು, ತಿಂಡಿನೂ ಮುಟ್ತಿರ್ಲಿಲ್ಲ ಕಣಪ್ಪ" ಎಂದರು ಚಿಕ್ಕಮ್ಮ. ಈಗ ಬೆಳಗಿನ ಜಗಳ ಮತ್ತೆ ಶುರುವಾಗಿದೆ. ಅಪ್ಪನ ದನಿ ಮೊದಲಿನಷ್ಟು ಏರುವುದಿಲ್ಲ. ಚಿಕ್ಕಪ್ಪನೂ ತಮ್ಮ ದನಿಯನ್ನು ಅಷ್ಟಕ್ಕೇ ಇಳಿಸಿಕೊಂಡಿದ್ದಾರೆ ಅಂತ ನನಗನ್ನಿಸುತ್ತದೆ. ಇದೂ ನನ್ನ ಭ್ರಮೆಯೇ ಇರಬಹುದು.

ಭ್ರಮೆಯಲ್ಲದ್ದು ಒಂದಿದೆ. ಅಪ್ಪನ ದನಿ ಬಂದ ದಿನ ಸಂಜೆಯೇ ಊರಿಗೆ ಹೋಗಿ, ಟೇಪು ಹಿಡಿದು ಅಳೆದು ನೋಡಿದೆ. ಬುಡದಲ್ಲಿ ಬೆಳೆದಿದ್ದ ತುಂಬೆ ಗಿಡವೂ ಅಲುಗದಂತೆ, ಬಾಂದು ಕಲ್ಲು ಇದ್ದ ಜಾಗದಲ್ಲೇ ಇತ್ತು.