ಬೀಸುವ ಕಲ್ಲಿನ ಮೇಲೆ ಎರಡು ಆಂಟೆನಾಗಳ ಫೋನು

ಸಂಖ್ಯೆ: ತಂರ/ರೋಣ/ಆಂ-2/ಕಲ್ಲು/2007-08
ದಿನಾಂಕ: 20-11-2007

ಸುತ್ತೋಲೆ

ವಿಷಯ: ಮೆಣಸಗಿ ಗ್ರಾಮದ ಏಕೈಕ ತಂತಿರಹಿತ ದೂರವಾಣಿಯ ಎರಡೂ ಆಂಟೆನಾಗಳ ಪರೀಕ್ಷೆ ಕುರಿತು.

ಉಲ್ಲೇಖ: ಸದರಿ ಗ್ರಾಮದ ಮದರಬಿಯವರ ಅರ್ಜಿ: “ಮಗಳು ಹಸೀನಾ ಹಡಿಯಾಕ ಗಜೇಂದ್ರಗಡದ ದವಾಖಾನಿಗೆ ಹೋಗ್ಯಾಳ್ರಿ. ಊರಿಗೆಲ್ಲಾ ಇರೂದು ಇದೊಂದ ಫೋನು. ಲಗೂ ತಪಾಸ ಮಾಡಿ ಕೊಡ್ರಿ.”

ಅರ್ಜಿ ತಲುಪಿದೆ. ಆದರೂ ಪರೀಕ್ಷೆ ಎಂದರೆ ಪರೀಕ್ಷೆ. ಆದ್ದರಿಂದ ಸಿಬ್ಬಂದಿಯ ಗಮನಕ್ಕೆ ತರಲಾಗಿದೆ:

1. ಸಲಕರಣೆಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಸಿಗ್ನಲ್ ಅಳೆಯತಕ್ಕದ್ದು. ತಿರುಗುವ ಮೇಜು ಮಂಜೂರಾಗದ ಕಾರಣ ಅದೇ ಗ್ರಾಮದ ಕರಿಯವ್ವನವರ ಬೀಸುವ ಕಲ್ಲನ್ನೇ ಮೇಜೆಂದು ಪರಿಗಣಿಸಲಾಗಿದೆ. ಪರೀಕ್ಷೆ ನಡೆದಿರುವಾಗ ಅದಕ್ಕೆ ಜೋಳ ಹಾಕತಕ್ಕದ್ದಲ್ಲ.

2. ಹೊರಗಿನ ಅಲೆಗಳು ನುಸುಳದಂತೆ ಪರೀಕ್ಷೆ ನಡೆಯುವ ಗೋದಾಮಿನ ಗೋಡೆಗಳಿಗೆ ಹತ್ತಿಯ ಅಂಡಿಗೆಗಳನ್ನು (ದೊಡ್ಡ ಮೂಟೆಗಳನ್ನು) ಒತ್ತಿಡುವುದು. ಅವುಗಳ ಮೇಲೆ ಮಲಗಿದ ಸಿಬ್ಬಂದಿಯ ಗೊರಕೆಯನ್ನು ‘ಅಡಚಣೆ’ ಕಾಲಮಿನಲ್ಲಿ ಬರೆಯುವುದು.

3. ಮನುಷ್ಯನ ತಲೆ ಹತ್ತಿರವಿದ್ದರೆ ಸಿಗ್ನಲ್ ಎಷ್ಟು ಕುಗ್ಗುತ್ತದೆಂದು ತಿಳಿಯಲು, ಉಪ್ಪುನೀರು ತುಂಬಿದ ಗಡಿಗೆಯನ್ನು ತಲೆಯಾಗಿ ಬಳಸುವುದು. ನರಗುಂದದ ಪರೀಕ್ಷೆಯಲ್ಲಿ ಬೆಲ್ಲದ ನೀರು ತುಂಬಿ ತಲೆಗೆ ಇರುವೆ ಮುತ್ತಿದ್ದು ಮರುಕಳಿಸಬಾರದು. ಗಡಿಗೆಯ ಮೇಲೆ ಮೇಲಧಿಕಾರಿಗಳ ಮೀಸೆ ಬರೆಯುವುದನ್ನು ನಿಷೇಧಿಸಲಾಗಿದೆ.

4. ಒಂದು ಆಂಟೆನಾ ಪರೀಕ್ಷಿಸುವಾಗ ಇನ್ನೊಂದಕ್ಕೆ ತಗಡಿನ ಡಬ್ಬಿ ಮುಚ್ಚುವುದು. ಎರಡಕ್ಕೂ ಬೀಗರಂತೆ ಸಮಾನ ಮರ್ಯಾದೆ ಸಲ್ಲಬೇಕು. ಯಾವುದನ್ನು ಮೊದಲು ಮುಚ್ಚಬೇಕೆಂಬುದನ್ನು ಊರ ಹಿರಿಯರು ಕೂತು ತೀರ್ಮಾನಿಸುವುದು.

5. ಪರೀಕ್ಷೆ ಮುಗಿಯುವವರೆಗೆ ಫೋನಿನಲ್ಲಿ “ಒಂದು, ಎರಡು, ಮೂರು” ಹೊರತು ಬೇರೆ ಮಾತು ಆಡತಕ್ಕದ್ದಲ್ಲ.

6. ಕಲಂ 5 ನಿನ್ನೆ ಮುಂಜಾನೆ ಉಲ್ಲಂಘನೆಯಾಗಿದೆ. ಫೋನು ರಿಂಗಾದೊಡನೆ, ಮೂರು ದಿನಗಳಿಂದ ಬಾಗಿಲಲ್ಲೇ ಕೂತಿದ್ದ ಮದರಬಿಯವರು ಒಳನುಗ್ಗಿ, ಗಡಿಗೆ ಸರಿಸಿ, ಸ್ವಂತ ತಲೆಯನ್ನು ಇಟ್ಟಿರುತ್ತಾರೆ. ತಡೆಯಬೇಕಾದ ಸಹಾಯಕ ಗ್ಯಾನಪ್ಪ ಡಬ್ಬಿ ಕಿತ್ತೆಸೆದು, ದನಿ ಸಿಗುವವರೆಗೆ ಕಲ್ಲು ತಿರುಗಿಸಿರುತ್ತಾರೆ. “ಕಲ್ಲ ನಿಂದರಸೋ ಯಪ್ಪಾ! ಕೂಸು ಅಳೂದು ಕೇಳಾಕತ್ತೈತಿ!” ಎಂದು ಮದರಬಿಯವರು ಕೂಗಿದ್ದು ಹತ್ತಿ ಅಂಡಿಗೆಗಳನ್ನೂ ದಾಟಿ ಹೊರಗೆ ಕೇಳಿಸಿದೆ.

7. ಕಾರಣ ಕೇಳಿದ ನೋಟಿಸಿಗೆ ಗ್ಯಾನಪ್ಪನವರ ಉತ್ತರ: “ಗಡಿಗಿಗೆ ಏನ್ ಕೇಳಿಸ್ತೈತ್ರಿ ಸಾಹೇಬ್ರ? ಅವ್ವಗ ಕೇಳಿಸ್ತು. ಫೋನು ಪಾಸು.” ಇದನ್ನೇ ತಾಂತ್ರಿಕ ವರದಿಯೆಂದು ಅಂಗೀಕರಿಸಿ ಪರೀಕ್ಷೆಯನ್ನು ಮುಕ್ತಾಯಗೊಳಿಸಲಾಗಿದೆ. ಕಚೇರಿಗೆ ಬಹಳ ಸಂತೋಷವಾಗಿದ್ದು, ಸಂತೋಷಕ್ಕೆ ನಿಗದಿತ ನಮೂನೆ ಇಲ್ಲದ್ದರಿಂದ ಇಲ್ಲಿಯೇ ನಮೂದಿಸಿದೆ.

ಸಹಿ/-
ಪರೀಕ್ಷಾಧಿಕಾರಿ (ಪ್ರಭಾರ)
ಶಿಬಿರ: ಮೆಣಸಗಿ

ಪ್ರತಿಗಳು:
1. ಕರಿಯವ್ವ: ಕಲ್ಲು ಮರಳಿ ಪಡೆಯಲು.
2. ರಾಜೂರ ಶಾಖೆ: ಮುಂದಿನ ಪರೀಕ್ಷೆಗೆ ಗಡಿಗೆ ಕೊಳ್ಳದಿರಲು.
3. ಹಸೀನಾ, ಹೆರಿಗೆ ವಾರ್ಡು, ಗಜೇಂದ್ರಗಡ: ಮಾಹಿತಿಗಾಗಿ.
4. ಕೂಸು, ಅದೇ ವಿಳಾಸ: ಹೆಸರಿಟ್ಟ ಕೂಡಲೇ ಕಳುಹಿಸಲಾಗುವುದು.