ಮಾವ ಬೈದ ಚೀನಾದ ಬೆಟ್ಟ

ನಮ್ಮ ಸೋದರಮಾವನ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಕೇಳಿದವರು ಇಡೀ ದಾವಣಗೆರೆಯಲ್ಲಿ ಒಬ್ಬರೂ ಇಲ್ಲ. ಕೇಳಿದ್ದೇನೆ ಎನ್ನುವವರಿದ್ದರೆ ಮೊದಲು ಹೋಗಿ ಕಿವಿ ತೋರಿಸಿಕೊಳ್ಳಲಿ! ಮಿರ್ಚಿ ಮಂಡಕ್ಕಿ ತಿನ್ನುವಾಗ ಎಣ್ಣೆ ಸರಿಯಿಲ್ಲ, ಖಾರ ಸಾಲದು ಎಂದು ಗೊಣಗುತ್ತಲೇ ಎರಡನೇ ಪ್ಲೇಟಿಗೆ ಕೈ ಚಾಚುತ್ತಾರೆ. ಹಾಗಾದರೆ ನಿಜವಾಗಿಯೂ ಇಷ್ಟವಾಗದ್ದನ್ನು ಏನು ಮಾಡುತ್ತಾರೆ ಅಂತೀರಾ? ಅದರ ಬಗ್ಗೆ ಮಾತೇ ಆಡುವುದಿಲ್ಲ.

ಇದು ಬಟ್ಟೆ ಅಂಗಡಿಯಲ್ಲಿ ಕೂತು ಕಲಿತ ವಿದ್ಯೆ. ಮಾಲು ಕೊಳ್ಳುವಾಗ ಮೆಚ್ಚಿಗೆ ಮುಖದಲ್ಲಿ ಕಂಡಿತೋ, ಬೆಲೆ ಏರಿತು ಅಂತಲೇ ಅರ್ಥ. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟರೂ ವಿದ್ಯೆಯನ್ನು ಬಿಡಲಿಲ್ಲ. ನನ್ನನ್ನು ನೋಡಲು ಗಂಡು ಬಂದ ದಿನ ಮಾವ ಮೆಲ್ಲಗೆ ಅಡುಗೆಮನೆಗೆ ಬಂದು, “ಏನಕ್ಕಾ ಇದು, ಫ್ಯಾನ್ ಹಾಕಿದ್ರೆ ಹಾರಿ ಹೋಗಂಗಿದಾನೆ” ಎಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಸರಿಬಾತಿಗೆ ಇನ್ನೊಂದು ಸೌಟು ತುಪ್ಪ ಸುರಿದಳು. ಮದುವೆ ನಿಶ್ಚಯವಾಯಿತು! ಆ ಗಂಡು ಈಗ ಬಿರುಗಾಳಿಗೂ ಅಲುಗುವುದಿಲ್ಲ, ಆ ಮಾತು ಬೇರೆ.

ಇಂಥ ಮಾವ ಜೀವಮಾನದಲ್ಲಿ ಅತಿ ಹೆಚ್ಚು ಬೈದದ್ದು ಒಂದು ಚಿತ್ರವನ್ನು. ಅದು ಇದ್ದದ್ದು ಹರಿಹರದಲ್ಲಿ, ಅವರ ಜೀವದ ಗೆಳೆಯರಾದ ಸಾಹೇಬರ ಮನೆಯ ಪಡಸಾಲೆಯಲ್ಲಿ. ಸಾಹೇಬರದೂ ಬಟ್ಟೆ ವ್ಯಾಪಾರವೇ. ಅವರ ತಂದೆ ಮುಂಬಯಿಯಿಂದ ತಂದಿದ್ದ ಚೀನಾದ ಹಳೆಯ ಚಿತ್ರ ಅದು. ರೇಷ್ಮೆಯ ಮೇಲೆ ಮಸಿಯಲ್ಲಿ ಬರೆದ ಬೆಟ್ಟಸಾಲು, ನಡುವೆ ಮಂಜು, ಕೆಳಗೊಂದು ಸೇತುವೆ, ಸೇತುವೆಯ ಮೇಲೆ ಅಕ್ಕಿಕಾಳಿನಷ್ಟು ಮನುಷ್ಯ, ಮೂಲೆಯಲ್ಲಿ ಕೆಂಪು ಮುದ್ರೆ. ಶುಕ್ರವಾರ ಬಂತೆಂದರೆ ಮಾವ ಬಸ್ಸು ಹತ್ತಿ ಹರಿಹರಕ್ಕೆ ಹೋಗುವುದು, ಚಹಾ ಹಿಡಿದು ಆ ಚಿತ್ರದ ಎದುರೇ ಕೂರುವುದು, ಬೈಯುವುದು. ಅರ್ಧ ರೇಷ್ಮೆಯನ್ನು ಖಾಲಿ ಬಿಟ್ಟಿದ್ದಾನೆ, ಪಾಪ, ಮಸಿ ಸಾಲಲಿಲ್ಲವೇನೋ ಎನ್ನುವುದು! ಸಾಹೇಬರು ಗಡ್ಡದೊಳಗೇ ನಗುತ್ತಿದ್ದರು.

ಹೋದ ವರ್ಷ ಸಾಹೇಬರು ತೀರಿಕೊಂಡರು. ಮಾವನ ಶುಕ್ರವಾರದ ಬಸ್ಸೂ ನಿಂತಿತು. ಮಿರ್ಚಿ ಮಂಡಕ್ಕಿಯನ್ನೂ ಬೈಯದೆ ಸುಮ್ಮನೆ ತಿನ್ನತೊಡಗಿದಾಗ ನಮಗೆಲ್ಲ ಗಾಬರಿಯಾಯಿತು.

ಮೊನ್ನೆ ಸಾಹೇಬರ ಹೆಂಡತಿಯ ಫೋನ್ ಬಂತು. ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದಾರಂತೆ, ಹಳೆಯದನ್ನೆಲ್ಲ ತೆಗೆಯುತ್ತಿದ್ದಾರಂತೆ. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಚಿತ್ರ ನೋಡಲು ಬರುತ್ತಾನೆ, ಮಾವ ಬಂದು ಬೆಲೆ ಹೇಳಬೇಕಂತೆ. ಮಾವ ಫೋನಿಟ್ಟವರೇ ಚಪ್ಪಲಿ ಹುಡುಕಿದರು. ಜೊತೆಗೆ ನಾನೂ ಹೊರಟೆ.

ನಾವು ಹೋಗುವಷ್ಟರಲ್ಲಿ ವ್ಯಾಪಾರಿ ಫ್ರೇಮು ಬಿಚ್ಚಿ ಚಿತ್ರವನ್ನು ಮೇಜಿನ ಮೇಲೆ ಹಾಸಿದ್ದ. ಭೂತಗನ್ನಡಿ ಹಿಡಿದು ಆ ಕೆಂಪು ಮುದ್ರೆಯನ್ನು ನೋಡಿದ್ದೇ ನೋಡಿದ್ದು. ಆಮೇಲೆ ಬೈಯಲು ಶುರುಮಾಡಿದ. ರೇಷ್ಮೆ ಹಳದಿಗಟ್ಟಿದೆ, ಅಂಚನ್ನು ಹುಳ ತಿಂದಿದೆ, ಇದು ಕೈಯಲ್ಲಿ ಬರೆದದ್ದೂ ಅಲ್ಲ, ಕ್ಯಾಲೆಂಡರಿನಂತೆ ಅಚ್ಚು ಹಾಕಿದ್ದು. ಬಂದ ತಪ್ಪಿಗೆ ಏನೋ ಒಂದಿಷ್ಟು ಕೊಟ್ಟು ಒಯ್ಯುತ್ತೇನೆ ಎಂದ. ಸಾಹೇಬರ ಹೆಂಡತಿ ಮಾವನ ಕಡೆ ತಿರುಗಿದರು. “ನೀವೂ ಇದನ್ನೇ ಹೇಳ್ತಿದ್ರಲ್ಲ ಭಾಯಿ. ಕೊಟ್ಟುಬಿಡ್ಲಾ?”

ಮಾವನ ಮುಖ ನೋಡಬೇಕಿತ್ತು! ಎದುರಿಗಿದ್ದವನು ತಮ್ಮದೇ ಗರಡಿಯಲ್ಲಿ ಪಳಗಿದವನು ಎಂದು ಅವರಿಗೆ ತಿಳಿದುಹೋಗಿತ್ತು. ರೇಷ್ಮೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮಗುಚಿ ಹಿಂಬದಿ ನೋಡಿದರು. ಮಸಿ ಎಳೆ ಎಳೆಗೂ ಇಳಿದಿತ್ತು. ಅಚ್ಚು ಹಾಗೆ ಇಳಿಯುವುದಿಲ್ಲವಂತೆ.

“ಕೊಡಬ್ಯಾಡ್ರಿ ಭಾಭಿ. ಬ್ಯಾಡಾದ ಮಾಲನ್ನ ಯಾರೂ ಇಷ್ಟೊತ್ತು ಬೈಯಲ್ಲ.”

ವ್ಯಾಪಾರಿಯ ಬೆಲೆ ಕೂತಲ್ಲೇ ಮೆಟ್ಟಿಲು ಹತ್ತತೊಡಗಿತು. ಮಾವ ಜಗ್ಗಲಿಲ್ಲ. ಕಡೆಗೆ ಅವನು ಚಹಾ ಮುಗಿಸಿ ಎದ್ದು ಹೋದ. ಮಾವ ತಾವೇ ಗಾಜು ಕೂರಿಸಿ, ಫ್ರೇಮು ಹಾಕಿ, ಚಿತ್ರವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದರು.

“ಹಂಗಾದ್ರೆ ಭಾಯಿ, ನೀವು ಇಷ್ಟು ವರ್ಷ ಬೈದಿದ್ದು?” ಎಂದರು ಭಾಭಿ.

ಸಿಕ್ಕಿಬಿದ್ದ ಮಾವ ಸೂರು ನೋಡಿದರು. “ಚಂದ ಐತೆ ಅಂದಿದ್ರೆ ಅವನು ಆವತ್ತೇ ಗೋಡೆಯಿಂದ ಇಳಿಸಿ ನನ್ ಕೈಗೆ ಕೊಟ್ಟುಬಿಡ್ತಿದ್ದ. ಆಮೇಲೆ ನಾನು ಯಾವ ನೆಪ ಹೇಳ್ಕೊಂಡು ಇಲ್ಲಿಗೆ ಬರ್ಲಿ?”

ಭಾಭಿ ಚಿತ್ರದ ಗಾಜಿನ ಕಡೆ ಕೈ ತೋರಿಸಿದರು. “ಅವರಿಗೆ ಗೊತ್ತಿತ್ತು ಅನ್ಸುತ್ತೆ ಭಾಯಿ. ಶುಕ್ರವಾರ ನಮಾಜ್ ಮುಗಿಸಿ ಬಂದು ಈ ಗಾಜು ಒರೆಸ್ತಿದ್ರು. ಯಾಕ್ರಿ ಅಂದ್ರೆ, ನನ್ ದೋಸ್ತ್ ಬರ್ತಾನೆ, ಬೈಯೋಕೆ ಸರಿಯಾಗಿ ಕಾಣ್ಲಿ ಅಂತಿದ್ರು. ನನಗೆ ಇವತ್ತು ತಿಳೀತು.”

ಮಾವ ಎದ್ದು ಚಿತ್ರದ ಹತ್ತಿರ ಹೋದರು. “ಚಂದ ಐತೆ ಕಣೋ” ಎಂದರು. ನಮಗಲ್ಲ, ಆ ಗೋಡೆಗೆ. ಈಗ ನಾನು ಯಾರ ಹತ್ತಿರ ಹೋಗಿ ಕಿವಿ ತೋರಿಸಿಕೊಳ್ಳಲಿ? ಆ ಮಾತು ಬಿದ್ದದ್ದೇ ತಡ, ಭಾಭಿ ಚಿತ್ರ ಇಳಿಸಿ ಕೊಡಲು ಎರಡೂ ಕೈ ಚಾಚಿದರು. ಅವರೂ ಅದೇ ಮನೆಯವರಲ್ಲವೇ!

“ಬ್ಯಾಡ್ರಿ, ಅಲ್ಲೇ ಇರ್ಲಿ. ನಮ್ಮನೆ ಗೋಡೆಗೆ ಒಪ್ಪಲ್ಲ ಇದು” ಎಂದು ಮಾವ ಹೆಗಲ ಮೇಲಿನ ಟವೆಲ್ ತೆಗೆದು ಗಾಜು ಒರೆಸತೊಡಗಿದರು. ಗಾಜು ಯಾವಾಗಲೋ ಸ್ವಚ್ಛವಾಗಿತ್ತು, ಆದರೂ ಅವರು ನಮ್ಮ ಕಡೆ ತಿರುಗಲಿಲ್ಲ. ಕಡೆಗೆ ಬೆನ್ನು ಹಾಕಿಕೊಂಡೇ ಹೇಳಿದರು: “ಬರೋ ಶುಕ್ರವಾರ ಚಹಾ ಸರಿಯಾಗಿ ಮಾಡ್ರಿ ಭಾಭಿ. ಇವತ್ತಿಂದು ಬಾಯಿಗಿಡಂಗಿರಲಿಲ್ಲ.”

ಭಾಭಿ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಲೋಟ ಚಹಾ ತರಲು ಒಳಗೆ ಹೋದರು.